ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ: ನುಡಿಗಟ್ಟು ಹುಡುಕಲು ಹೋದರೆ

'ಕಿಕ್ ದ ಬಕೆಟ್' ಅಂದರೆ ಸಾಯುವುದು ಎಂದು ಯಾವ ಗೈಡಾದರೂ ಹೇಳೀತು. ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿಯ ಜಾಲತಾಣ ಅದರ ಪಕ್ಕದಲ್ಲೇ 'ಇನ್‌ಫಾರ್ಮಲ್ ಆರ್ ಹ್ಯೂಮರಸ್' (ಆಡುಮಾತಿನದು ಅಥವಾ ತಮಾಷೆಯದು) ಎಂದೂ ಬರೆದಿರುತ್ತದೆ. ಅಂದರೆ ಕನ್ನಡದ 'ತೀರಿಕೊಂಡರು' ಇದಕ್ಕೆ ಸಲ್ಲದು, 'ಗೊಟಕ್ ಅಂದ' ಸಲ್ಲುತ್ತದೆ. ಸಾವಿನ ಮನೆಗೆ ಕಳಿಸುವ ಪತ್ರದಲ್ಲಿ ಇದನ್ನು ಬರೆದರೆ ಗತಿಯೇನು! ಅರ್ಥಕ್ಕಿಂತ ಮೊದಲು ಆ ಪುಟ್ಟ ಸೂಚನೆ ಓದಿ. 'ಓಲ್ಡ್-ಫ್ಯಾಶನ್ಡ್' (ಹಳೆಯ ಕಾಲದ್ದು) ಎಂದಿದ್ದರೆ ಓದಿ ತಿಳಿಯಲು ಸಾಕು, ಬಾಯಲ್ಲಿ ಬೇಡ.

ಹುಡುಕುವುದಕ್ಕೂ ಒಂದು ಲೆಕ್ಕವಿದೆ. ನುಡಿಗಟ್ಟಿನ ಮೊದಲ ಮುಖ್ಯ ಪದದ ಪುಟಕ್ಕೆ ಹೋಗಿ, ಕೆಳಗೆ 'ಇಡಿಯಮ್ಸ್' (ನುಡಿಗಟ್ಟುಗಳು) ಭಾಗ ನೋಡಬೇಕು. 'ಸ್ಪಿಲ್ ದ ಬೀನ್ಸ್' (ಗುಟ್ಟು ಬಾಯಿಬಿಡು) ಸಿಗುವುದು 'ಸ್ಪಿಲ್' ಪುಟದಲ್ಲಿ. ಆದರೆ 'ಲೆಟ್', 'ಗೆಟ್'ನಂಥ ಸವಕಲು ಕ್ರಿಯಾಪದಗಳಿಗೆ ಈ ಲೆಕ್ಕ ನಡೆಯದು. 'ಲೆಟ್ ದ ಕ್ಯಾಟ್ ಔಟ್ ಆಫ್ ದ ಬ್ಯಾಗ್' (ಇದೂ ಗುಟ್ಟು ಹೊರಬಿಡುವುದೇ) ಬೇಕಾದರೆ 'ಕ್ಯಾಟ್' ತೆರೆಯಿರಿ.

ಕೊರತೆ ಇರುವುದು ರೂಪದ ವಿಷಯದಲ್ಲಿ. 'ದ ಬೀನ್ಸ್ ವರ್ ಸ್ಪಿಲ್ಡ್' ಎಂದು ಕರ್ಮಣಿಗೆ ತಿರುಗಿಸಿದರೂ ಗುಟ್ಟು ಬಯಲಾದ ಅರ್ಥ ಉಳಿಯುತ್ತದೆ. 'ದ ಬಕೆಟ್ ವಾಸ್ ಕಿಕ್ಡ್' ಎಂದರೆ ಯಾರೂ ಸಾಯುವುದಿಲ್ಲ, ಯಾರೋ ನಿಜಕ್ಕೂ ಬಕೆಟ್ ಒದ್ದರು ಅಷ್ಟೆ. ಯಾವುದು ಹೀಗೆ ಬಾಗುತ್ತದೆ, ಯಾವುದು ಬಾಗುವುದಿಲ್ಲ ಎಂಬುದನ್ನು ಉದಾಹರಣೆ ವಾಕ್ಯಗಳಿಂದ ನಾವೇ ಊಹಿಸಬೇಕು.

ವ್ಯಂಗ್ಯದಲ್ಲಿ ಮಾತ್ರ ಇದು ನೆರವಿಗೆ ಬರುತ್ತದೆ. 'ಟ್ರಾಫಿಕ್ ಸಾಕಾಗಿದೆ' ಎಂದಾಗ ಎದುರಿನವರು 'ಟೆಲ್ ಮಿ ಅಬೌಟ್ ಇಟ್' ಎಂದರೆ, ಕಥೆ ಬಿಚ್ಚಲು ಕೂರಬೇಡಿ. 'ನನಗೆ ಗೊತ್ತಿಲ್ವಾ, ನಾನೂ ಅದೇ ಅನುಭವಿಸ್ತಿದೀನಿ' ಎಂಬ ಮಾತದು. 'ಟೆಲ್' ಪುಟದಲ್ಲಿ ಇದರ ವಿವರಣೆಯಿದೆ. ಉಪಮೆಗಳೂ ಹಾಗೆಯೇ ಸಿಗುತ್ತವೆ: 'ಕೂಲ್ ಆಸ್ ಎ ಕ್ಯುಕಂಬರ್'ಗೆ (ಒಂಚೂರೂ ಗಲಿಬಿಲಿಯಿಲ್ಲದೆ ಶಾಂತವಾಗಿರುವುದು) 'ಕೂಲ್' ನೋಡಿ. ಕವಿಯೊಬ್ಬ ಹೊಸದಾಗಿ ಕಟ್ಟಿದ ರೂಪಕ ಮಾತ್ರ ಯಾವ ಪುಟದಲ್ಲೂ ಸಿಗದು.

ಬಳಕೆ ಉಚಿತ, ವಿವರಣೆ ಪೂರ್ತಿ ಇಂಗ್ಲಿಷಿನಲ್ಲೇ. ಅರ್ಥ ತಲೆಗೆ ಹತ್ತದಿದ್ದರೆ ಕಾಲಿನ್ಸ್ ಕೋಬಿಲ್ಡ್ ನೋಡಿ. 1987ರಲ್ಲಿ ಬಂದ ಆ ನಿಘಂಟು ಅರ್ಥವನ್ನೇ 'ಯಾರಾದರೂ ಹೀಗೆ ಮಾಡಿದರೆ, ಅವರು...' ಎಂಬಂತೆ ಇಡೀ ವಾಕ್ಯದಲ್ಲಿ ಹೇಳುತ್ತದೆ. ಕರ್ತೃ ಯಾರು, ಕರ್ಮ ಯಾವುದು ಎಂದು ತಡಕಾಡಬೇಕಾಗಿಲ್ಲ.