ಭಾವ ‘1 ನೋ ಟ್ರಂಪ್’ ಅಂದರೆ ನಾನೇನು ಹೇಳಲಿ? ಮೂರು ಪದ್ಧತಿ ಆಡಿ ನೋಡಿದ ಮೇಲೆ

ಇದು ಬ್ರಿಜ್ ಇಸ್ಪೀಟಾಟದ ಮಾತು. ಆಟಕ್ಕೆ ಮೊದಲು ಹರಾಜು: 2 ಹಾರ್ಟ್ ಅಂದರೆ ಹಾರ್ಟ್ ತುರುಪು ಮಾಡಿ ಆರರ ಮೇಲೆ ಎರಡು, ಅಂದರೆ ಎಂಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುತ್ತೇವೆ ಅಂತ. ನೋ ಟ್ರಂಪ್ ಅಂದರೆ ತುರುಪೇ ಇಲ್ಲ. ಜೊತೆಗಾರ 1 ನೋ ಟ್ರಂಪ್ ಅಂದಾಗ ಏನು ಉತ್ತರ ಕೊಡಬೇಕು ಅನ್ನುವುದೇ ಇಲ್ಲಿನ ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಟ್ರಾನ್ಸ್‌ಫರ್‌ಗೆ. ಜೊತೆಗಾರ 15ರಿಂದ 17 ಪಾಯಿಂಟಿನ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) 1 ನೋ ಟ್ರಂಪ್ ತೆರೆದರೆ, ಸ್ಟೇಮನ್ ಮತ್ತು ಜಾಕೋಬಿ ಟ್ರಾನ್ಸ್‌ಫರ್. ಇದಕ್ಕೆ ಬರುವ ಮೊದಲು ಇನ್ನೆರಡು ಪದ್ಧತಿಗಳನ್ನು ತಿಂಗಳುಗಟ್ಟಲೆ ಆಡಿದ್ದೇವೆ. ಇದಕ್ಕೆ ಬಂದ ಮೇಲೂ ಒಂದು ರಾತ್ರಿ ಜೋರಾಗಿಯೇ ಏಟು ತಿಂದಿದ್ದೇವೆ. ಆ ಏಟಿನ ಕಥೆಯೇ ಇಲ್ಲಿ ಜಾಸ್ತಿ ಇರುತ್ತದೆ.

ನಾವು ಅಂದರೆ ನಾನು ಮತ್ತು ನನ್ನ ಅಕ್ಕನ ಗಂಡ. ಭಾವ ಕುಂದಾಪುರದಲ್ಲಿ, ನಾನು ಬೆಂಗಳೂರಿನಲ್ಲಿ. ಪ್ರತಿ ಬುಧವಾರ ರಾತ್ರಿ ಊಟ ಮುಗಿಸಿ ಬ್ರಿಜ್ ಬೇಸ್ ಆನ್‌ಲೈನ್‌ನಲ್ಲಿ ಕೂರುತ್ತೇವೆ. ಇಬ್ಬರೂ ಮನೆಯಲ್ಲಿ ಇಪ್ಪತ್ತೆಂಟು ಅನ್ನುವ ಇಸ್ಪೀಟಾಟ ಆಡಿ ಬೆಳೆದವರು. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿವನಾಥ್ ಸರ್ಕಾರ್ ಬ್ರಿಜ್‌ನಲ್ಲಿ ಚಿನ್ನ ಗೆದ್ದ ಸುದ್ದಿ ಓದಿ, ಇದನ್ನೂ ಕಲಿಯೋಣ ಅಂತ ಭಾವ ಹೇಳಿದರು. ಅಲ್ಲಿಂದ ಶುರು. ನಮ್ಮದು ನಾಲ್ಕು ಜನರ ತಂಡ. ಅದೇ ಎಲೆಗಳನ್ನು ಇನ್ನೊಂದು ಟೇಬಲ್‌ನಲ್ಲೂ ಆಡುತ್ತಾರೆ, ಹಾಗಾಗಿ ತಪ್ಪಾದರೆ ಎಷ್ಟು ತಪ್ಪಾಯಿತು ಅನ್ನುವುದು ಆ ರಾತ್ರಿಯೇ ಗೊತ್ತಾಗುತ್ತದೆ.

ಶುರುವಿನಲ್ಲಿ ಆಡಿದ್ದು ಸರಳ ಪದ್ಧತಿ. 2 ಕ್ಲಬ್ ಅಂದರೆ ಸ್ಟೇಮನ್, ‘ನಿಮ್ಮ ಹತ್ತಿರ ನಾಲ್ಕು ಹಾರ್ಟ್ ಅಥವಾ ನಾಲ್ಕು ಸ್ಪೇಡ್ ಇದೆಯಾ’ ಅನ್ನುವ ಪ್ರಶ್ನೆ. 2 ಡೈಮಂಡ್, 2 ಹಾರ್ಟ್, 2 ಸ್ಪೇಡ್ ಅಂದರೆ ಹೇಳಿದ್ದೇ ಅರ್ಥ: ನನ್ನ ಕೈಯಲ್ಲಿ ಏನೂ ಇಲ್ಲ, ಈ ಬಣ್ಣದ (ಜಾತಿಯ) ಎಲೆ ಐದಿದೆ, ಇಲ್ಲೇ ನಿಲ್ಲಿಸಿ. ನೆನಪಿಡಬೇಕಾದ್ದು ಏನೂ ಇಲ್ಲ, ಅದೇ ಇದರ ದೊಡ್ಡ ಗುಣ. ಹೊಸಬರು ಮೊದಲ ಮೂರು ತಿಂಗಳು ಇದನ್ನೇ ಆಡಲಿ.

ಆದರೆ ಒಂದು ಕೈ ನನ್ನ ಮನಸ್ಸು ಬದಲಿಸಿತು. ನನಗೆ ಬಂದದ್ದು ಹಾರ್ಟ್ ಐದು, ಮೇಲಿನದು ರಾಣಿ, ಡೈಮಂಡ್‌ನಲ್ಲಿ ಒಬ್ಬ ಗುಲಾಮ. ಒಟ್ಟು 3 ಪಾಯಿಂಟ್. ಭಾವ 1 ನೋ ಟ್ರಂಪ್ ಅಂದರು, ನಾನು 2 ಹಾರ್ಟ್ ಅಂದೆ, ಎಲ್ಲರೂ ಪಾಸ್. ಈಗ ಆಡುವವಳು ನಾನು, ಭಾವನ ಎಲೆಗಳು ಡಮ್ಮಿಯಾಗಿ ಮೇಜಿನ ಮೇಲೆ. ಆ ಡಮ್ಮಿಯಲ್ಲಿ ಸ್ಪೇಡ್ ರಾಜ ಮತ್ತು ಒಂದು ಚಿಕ್ಕ ಎಲೆ. ನನ್ನ ಎಡಗಡೆಯವರು ಮೊದಲ ಎಲೆಯಾಗಿ ಸ್ಪೇಡ್ ಹಾಕಿದರು. ಸ್ಪೇಡ್ ಎಕ್ಕ, ರಾಣಿ ಎರಡೂ ಇದ್ದದ್ದು ನನ್ನ ಬಲಗಡೆಯವರ ಹತ್ತಿರ, ಅಂದರೆ ನಮ್ಮ ರಾಜನ ಹಿಂದೆ ಕೂತವರ ಹತ್ತಿರ. ರಾಜ ಹಾಕಿದರೆ ಎಕ್ಕ ಬೀಳುತ್ತದೆ, ಚಿಕ್ಕದು ಹಾಕಿದರೆ ರಾಣಿ ಗೆದ್ದು ಆಮೇಲೆ ಎಕ್ಕದಿಂದ ರಾಜನನ್ನು ಎಳೆಯುತ್ತಾರೆ. ರಾಜ ಸತ್ತ ಹಾಗೆಯೇ. ಒಂದು ಟ್ರಿಕ್ ಕಮ್ಮಿಯಾಗಿ ಸೋತೆ.

ಇನ್ನೊಂದು ಟೇಬಲ್‌ನಲ್ಲಿ ಅದೇ 2 ಹಾರ್ಟ್ ಗೆದ್ದರು, 110 ಅಂಕ. ವ್ಯತ್ಯಾಸ ಇಷ್ಟೇ, ಅಲ್ಲಿ ಆಡಿದ್ದು ದೊಡ್ಡ ಕೈಯವರು. ಮೊದಲ ಎಲೆ ಹಾಕಬೇಕಾದ್ದು ಎಕ್ಕ ರಾಣಿ ಇಟ್ಟುಕೊಂಡವರೇ. ಅವರು ಸ್ಪೇಡ್ ಹಾಕಿದರೆ ರಾಜನಿಗೆ ಒಂದು ಟ್ರಿಕ್ ಕೊಟ್ಟಂತೆ, ಹಾಕದಿದ್ದರೆ ರಾಜ ಸುಮ್ನೆ ಕೈಯಲ್ಲೇ ಇರುತ್ತಾನೆ. ದೊಡ್ಡ ಕೈ ಮೇಜಿನ ಮೇಲೆ ಬಿಚ್ಚಬಾರದು ಅನ್ನುವ ಮಾತು ಆವತ್ತು ನನಗೆ ಅರ್ಥವಾಯಿತು.

ಆಮೇಲೆ ಭಾವ ಎಲ್ಲೋ ಓದಿ ಎರಡು ದಾರಿಯ ಸ್ಟೇಮನ್ ತಂದರು. ಇದರಲ್ಲಿ ಎರಡು ಬಿಡ್ ಅದೇ ಪ್ರಶ್ನೆ ಕೇಳುತ್ತವೆ: 2 ಕ್ಲಬ್ ಅಂದರೆ ಗೇಮ್ (3 ನೋ ಟ್ರಂಪ್, 4 ಹಾರ್ಟ್, 4 ಸ್ಪೇಡ್‌ನಂಥ, ಬೋನಸ್ ಅಂಕ ಸಿಗುವ ಮಟ್ಟ) ಖಾತ್ರಿ ಇಲ್ಲ, 2 ಡೈಮಂಡ್ ಅಂದರೆ ಗೇಮ್ ತಲುಪುವವರೆಗೆ ಯಾರೂ ನಿಲ್ಲಿಸಬಾರದು. ಸ್ಲ್ಯಾಮ್ (12 ಅಥವಾ 13 ಟ್ರಿಕ್ ಗೆಲ್ಲುವ ಬಿಡ್) ಹುಡುಕುವವರಿಗೆ ಇದು ನಿಜಕ್ಕೂ ಚೆಂದ. ಎರಡನೇ ಮಾತಿನಲ್ಲೇ ಗೇಮ್ ನಿರ್ಧಾರವಾಗಿಬಿಟ್ಟರೆ ಉಳಿದ ಜಾಗವನ್ನೆಲ್ಲ ನಿಧಾನವಾಗಿ ಕೈ ವಿವರಿಸಲು ಬಳಸಬಹುದು. ನಾವು ಒಂದು ಸಲ ಡೈಮಂಡ್ ಸ್ಲ್ಯಾಮ್ ಹಿಡಿದೆವು, ಇನ್ನೊಂದು ಟೇಬಲ್‌ನವರು 3 ನೋ ಟ್ರಂಪ್‌ನಲ್ಲೇ ನಿಂತಿದ್ದರು. ಆದರೆ ಅಂಥ ಕೈ ಬಂದದ್ದು ಆರು ತಿಂಗಳಲ್ಲಿ ಅದೊಂದೇ. ಬಡ ಕೈ ಬಂದಾಗ ಮತ್ತೆ ಅದೇ 2 ಹಾರ್ಟ್, ಮತ್ತೆ ಭಾವನ ಎಲೆಗಳು ಮೇಜಿನ ಮೇಲೆ. ಬಡ ಕೈ ಬರುವುದು ವಾರ ವಾರ.

ಈಗ ನನ್ನ ಇಷ್ಟದ್ದು, ಟ್ರಾನ್ಸ್‌ಫರ್. 2 ಡೈಮಂಡ್ ಅಂದರೆ ‘ನನಗೆ ಹಾರ್ಟ್ ಐದಿದೆ, ನೀವು 2 ಹಾರ್ಟ್ ಹೇಳಿ’. 2 ಹಾರ್ಟ್ ಅಂದರೆ ‘ಸ್ಪೇಡ್ ಐದಿದೆ, 2 ಸ್ಪೇಡ್ ಹೇಳಿ’. ಓಸ್ವಾಲ್ಡ್ ಜಾಕೋಬಿ 1956ರಲ್ಲಿ ಬರೆದ ಮೇಲೆ ಅವರ ಹೆಸರೇ ನಿಂತಿತು, ಸ್ವೀಡನ್ನಿನ ಒಲ್ಲೆ ವಿಲ್ನರ್ ಅದಕ್ಕೂ ಮೊದಲೇ ಬರೆದಿದ್ದರು. ಸ್ಟೇಮನ್‌ದೂ ಅದೇ ಕಥೆ: 1945ರಲ್ಲಿ ಬರೆದದ್ದು ಸ್ಯಾಮ್ ಸ್ಟೇಮನ್, ಹುಡುಕಿದ್ದು ಅವರ ಜೊತೆಗಾರ ಜಾರ್ಜ್ ರಾಪೇ.

ದೊಡ್ಡ ಕೈ ಮುಚ್ಚಿರುತ್ತದೆ ಅನ್ನುವ ಲಾಭ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾದದ್ದು, ನನಗೆ ಎರಡನೇ ಸಲ ಮಾತಾಡುವ ಅವಕಾಶ ಸಿಗುತ್ತದೆ. ಗೇಮ್‌ಗೆ ಇಬ್ಬರದೂ ಸೇರಿ 25ರ ಹತ್ತಿರ ಬೇಕು. ಭಾವನ ಹತ್ತಿರ 15ರಿಂದ 17, ನನ್ನ ಹತ್ತಿರ 8 ಇದ್ದರೆ ಒಟ್ಟು 23ರಿಂದ 25. ಈ 8-9 ಪಾಯಿಂಟಿನ ಕೈಯಲ್ಲಿ ಸ್ಪೇಡ್ ಐದಿದ್ದರೆ ಸರಳ ಪದ್ಧತಿಯಲ್ಲಿ ನನಗೆ ತಲೆನೋವು. 2 ಸ್ಪೇಡ್ ಅಂದರೆ ಭಾವ ಪಾಸ್ ಮಾಡುತ್ತಾರೆ, 3 ಸ್ಪೇಡ್ ಅಂದರೆ ಗೇಮ್‌ವರೆಗೆ ಹೋಗಲೇಬೇಕು. ಸ್ಟೇಮನ್ ಮೂಲಕ ಸುತ್ತಿ ಬರಬೇಕು, ಆಗ ನನ್ನ 2 ಸ್ಪೇಡ್‌ಗೆ ಶಕ್ತಿ ಇದೆಯೋ ಇಲ್ಲವೋ ಅಂತ ಭಾವನಿಗೆ ಪ್ರತಿ ಸಲ ಅನುಮಾನ. ಟ್ರಾನ್ಸ್‌ಫರ್‌ನಲ್ಲಿ ನಾನು 2 ಹಾರ್ಟ್, ಅವರು 2 ಸ್ಪೇಡ್, ನಾನು 2 ನೋ ಟ್ರಂಪ್. ಮುಗಿಯಿತು. ಐದು ಸ್ಪೇಡ್, 8-9 ಪಾಯಿಂಟ್, ನಿರ್ಧಾರ ನಿಮ್ಮದು. ಏನೂ ಇಲ್ಲದಿದ್ದರೆ ನಾನು ಪಾಸ್. ಆರು ಸ್ಪೇಡ್ ಇದ್ದು ಗೇಮ್‌ಗೆ ಆಹ್ವಾನ ಕೊಡಬೇಕಾದರೆ 3 ಸ್ಪೇಡ್. ಐದಿದ್ದು ಗೇಮ್ ಬಲ ಇದ್ದರೆ 3 ನೋ ಟ್ರಂಪ್, ಮೂರು ಸ್ಪೇಡ್ ಇದ್ದರೆ ಭಾವ 4 ಸ್ಪೇಡ್‌ಗೆ ತಿದ್ದುತ್ತಾರೆ. ಇನ್ನೊಂದು ಬಣ್ಣ ಹೇಳಿದರೆ ಗೇಮ್‌ವರೆಗೆ ನಿಲ್ಲುವಂತಿಲ್ಲ.

ಕಳೆದುಕೊಳ್ಳುವುದು 2 ಡೈಮಂಡ್‌ನಲ್ಲಿ ನಿಲ್ಲುವ ಅವಕಾಶ. ನಾನು ಅದನ್ನು ಎರಡೇ ಸಲ ನೆನೆಸಿಕೊಂಡಿದ್ದೇನೆ.

ಈಗ ಆ ರಾತ್ರಿ. ಭಾವ 1 ನೋ ಟ್ರಂಪ್ ಅಂದರು. ನನ್ನ ಸರದಿ ಬರುವ ಮೊದಲೇ ಎದುರಾಳಿ 2 ಕ್ಲಬ್ ಅಂದ. ನನ್ನ ಹತ್ತಿರ ಹಾರ್ಟ್ ಐದು, ರಾಜ ಗುಲಾಮ ಸಮೇತ, ಡೈಮಂಡ್ ಎರಡೇ ಎರಡು. ಯೋಚನೆಯೇ ಮಾಡದೆ 2 ಡೈಮಂಡ್ ಒತ್ತಿದೆ. ಆನ್‌ಲೈನ್‌ನಲ್ಲಿ ನಮ್ಮ ಬಿಡ್‌ನ ಅರ್ಥ ನಾವೇ ಬರೆಯಬೇಕು, ಅದು ಎದುರಾಳಿಗಳಿಗೆ ಮಾತ್ರ ಕಾಣುತ್ತದೆ. ನಾನು ‘ಹಾರ್ಟ್ ಐದು’ ಅಂತ ಬರೆದೆ. ಎದುರಾಳಿಗಳಿಬ್ಬರಿಗೂ ನನ್ನ ಹಾರ್ಟ್ ಗೊತ್ತು, ಗೊತ್ತಾಗಬೇಕಾದ ಭಾವನಿಗೆ ಗೊತ್ತಿಲ್ಲ. ಅವರು ಪಾಸ್ ಮಾಡಿದರು. ಡೈಮಂಡ್ ತುರುಪು, ನನ್ನಲ್ಲಿ ಎರಡು, ಅವರಲ್ಲಿ ಮೂರು, ಉಳಿದ ಎಂಟೂ ಎದುರಾಳಿಗಳ ಹತ್ತಿರ. ಮೂರು ಟ್ರಿಕ್ ಕಮ್ಮಿ, ನಾವು ವಲ್ನರಬಲ್ (ಸೋತರೆ ದಂಡ ಜಾಸ್ತಿ), 300 ಹೋಯಿತು. ಇನ್ನೊಂದು ಟೇಬಲ್‌ನಲ್ಲಿ ಯಾರೂ ನಡುವೆ ಬಂದಿರಲಿಲ್ಲ, 2 ಹಾರ್ಟ್ ಗೆದ್ದು 110. ಒಟ್ಟು 410ರ ಅಂತರ, ತಂಡದ ಲೆಕ್ಕಕ್ಕೆ ಇಳಿಸಿದರೆ 9 ಇಂಪ್. ಆ ಪಂದ್ಯ ಸೋತಿದ್ದು 7 ಇಂಪ್‌ನಲ್ಲಿ.

ಆಟ ಮುಗಿದ ತಕ್ಷಣ ಫೋನ್ ಬಂತು.

“ಎಂತ ಮಾರಾಯ್ತಿ, ನೀನು ಡೈಮಂಡ್ ಅಂದದ್ದಲ್ವಾ?”

“ಅದು ಟ್ರಾನ್ಸ್‌ಫರ್ ಭಾವ.”

“ಅವರು ನಡುವೆ ಬಾಯಿ ಹಾಕಿದ ಮೇಲೆ ಎಂತ ಟ್ರಾನ್ಸ್‌ಫರ್?”

ಇಬ್ಬರದೂ ತಪ್ಪಲ್ಲ. ಎರಡೂ ಥರ ಆಡುವವರಿದ್ದಾರೆ. ನಾವು ಮಾತಾಡಿಕೊಂಡಿರಲಿಲ್ಲ, ಅಷ್ಟೇ. ಟ್ರಾನ್ಸ್‌ಫರ್ ಕಲಿಸುವವರು ಇದನ್ನು ಮೊದಲ ದಿನವೇ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸರಳ ಪದ್ಧತಿಯಲ್ಲಿ ಈ ಅಪಾಯವೇ ಇಲ್ಲ, ಅಲ್ಲಿ ಡೈಮಂಡ್ ಅಂದರೆ ಡೈಮಂಡ್.

ಆವತ್ತು ಮಧ್ಯರಾತ್ರಿಯವರೆಗೆ ಕೂತು ತೀರ್ಮಾನ ಮಾಡಿದೆವು. ಎದುರಾಳಿ ಡಬಲ್ (ಪಣ ಏರಿಸುವ ಕರೆ) ಅಂದರೆ ಎಲ್ಲವೂ ಮೊದಲಿನಂತೆ. 2 ಕ್ಲಬ್ ಅಂದರೂ ಮೊದಲಿನಂತೆ, ನಮ್ಮ ಸ್ಟೇಮನ್ ಜಾಗಕ್ಕೆ ಡಬಲ್ ಬರುತ್ತದೆ. 2 ಡೈಮಂಡ್ ಅಥವಾ ಅದಕ್ಕಿಂತ ಮೇಲೆ ಹೇಳಿದರೆ ಟ್ರಾನ್ಸ್‌ಫರ್ ಬಂದ್, ಹೇಳಿದ್ದೇ ಅರ್ಥ. ಲ್ಯಾಂಡಿ ಅನ್ನುವ ಪದ್ಧತಿ ಆಡುವವರು 2 ಕ್ಲಬ್ ಅಂದರೆ ಎರಡೂ ಮೇಜರ್ (ಹಾರ್ಟ್ ಮತ್ತು ಸ್ಪೇಡ್) ತೋರಿಸಿದಂತೆ, ಅಂಥವರ ಎದುರು ಸ್ಟೇಮನ್ ಕೇಳಿ ಏನು ಪ್ರಯೋಜನ, ಹಾಗಾಗಿ ಆಗ ಡಬಲ್ ಅಂದರೆ ಬರೀ ಪಾಯಿಂಟ್ ಇದೆ ಅಂತ. ಇನ್ನೊಂದು ಕೂಡ: ನನ್ನ 2 ಡೈಮಂಡ್ ಟ್ರಾನ್ಸ್‌ಫರ್ ಮೇಲೆ ಎದುರಾಳಿ ಡಬಲ್ ಅಂದರೆ, ಭಾವ ಮೂರು ಹಾರ್ಟ್ ಇದ್ದರೆ 2 ಹಾರ್ಟ್ ಹೇಳುತ್ತಾರೆ, ಎರಡೇ ಇದ್ದರೆ ಪಾಸ್. ಲೆಬೆನ್‌ಸೋಲ್ ಅಂತ ಇನ್ನೊಂದು ಪದ್ಧತಿ ಇದೆ, ಎದುರಾಳಿ ನಡುವೆ ಬಂದಾಗ ಬಳಸುವುದು. ಒಳ್ಳೆಯದು ಅನ್ನುತ್ತಾರೆ, ನಮಗೆ ಈಗ ಬೇಡ.

ಮೂರರಲ್ಲೂ ಚೆನ್ನಾಗಿ ಕೆಲಸ ಮಾಡುವ ಒಂದು ವಿಷಯ ಹೇಳಲೇಬೇಕು. ಕೈಯಲ್ಲಿ ಏನೂ ಇಲ್ಲ, ಒಂದೇ ಕ್ಲಬ್, ಉಳಿದ ಮೂರು ಬಣ್ಣ ನಾಲ್ಕು ನಾಲ್ಕು. 2 ಕ್ಲಬ್ ಅಂತ ಕೇಳಿ, ಏನು ಉತ್ತರ ಬಂದರೂ ಪಾಸ್ ಮಾಡಿ. 1 ನೋ ಟ್ರಂಪ್‌ನಲ್ಲಿ ಒದ್ದಾಡುವುದಕ್ಕಿಂತ ಸಾಮಾನ್ಯವಾಗಿ ಒಳ್ಳೆಯ ಜಾಗ.

ವಾರಕ್ಕೆ ನಾಲ್ಕು ದಿನ ಆಡುವ, ಒಬ್ಬರೇ ಜೊತೆಗಾರ ಇರುವ, ಸ್ಲ್ಯಾಮ್ ಹುಚ್ಚಿರುವ ಜೋಡಿಗೆ ಎರಡು ದಾರಿಯ ಸ್ಟೇಮನ್ ಆಗಬಹುದು. ಕ್ಲಬ್‌ಗೆ ಹೋಗಿ ಆವತ್ತು ಸಿಕ್ಕವರ ಜೊತೆ ಕೂರುವವರಿಗೆ ಟ್ರಾನ್ಸ್‌ಫರ್ ಬಿಟ್ಟರೆ ಬೇರೆ ಆಯ್ಕೆ ಇಲ್ಲ, ಏಕೆಂದರೆ ಹೆಚ್ಚಿನವರು ಅದನ್ನೇ ಆಡುತ್ತಾರೆ. ನಮಗಿರುವುದು ವಾರಕ್ಕೆ ಒಂದು ರಾತ್ರಿ, ಎರಡು ಗಂಟೆ. ಭಾವನಿಗೆ ಬಾಯಿಪಾಠ ಮಾಡಿಕೊಳ್ಳುವುದು ಇಷ್ಟವಿಲ್ಲ, ನನಗೆ ಆಫೀಸು ಮುಗಿಸಿ ಬಂದ ಮೇಲೆ ಓದುವ ಶಕ್ತಿ ಇರುವುದಿಲ್ಲ. ಟ್ರಾನ್ಸ್‌ಫರ್ ನಮ್ಮ ಈ ಬಜೆಟ್‌ನೊಳಗೆ ಬರುತ್ತದೆ. ನಡುವೆ ಬಾಯಿ ಹಾಕಿದರೆ ಏನು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಫೋಟೊ ತೆಗೆದು ಕಳಿಸಿದ್ದೇನೆ, ಭಾವ ಆಟಕ್ಕೆ ಕೂರುವ ಮೊದಲು ಒಂದು ಸಲ ನೋಡಿಕೊಳ್ಳುತ್ತಾರೆ. 2 ಸ್ಪೇಡ್‌ಗೆ ಇನ್ನೂ ಅರ್ಥ ಕೊಟ್ಟಿಲ್ಲ. ಕ್ಲಬ್ ಆರು ಇರುವ ಬಡ ಕೈಗೆ ಅದನ್ನು ಇಡೋಣ ಅಂತ ನಾನು, ಇನ್ನು ಎರಡು ತಿಂಗಳು ಖಾಲಿಯೇ ಇರಲಿ ಅಂತ ಭಾವ.