ಆಮ್ನಿಯೋ ರಿಪೋರ್ಟಿನಲ್ಲಿ ಟ್ರಾನ್ಸ್‌ಲೊಕೇಶನ್ ಅಂತ ಬಂದರೆ ಅವಸರ ಮಾಡಬೇಡಿ

ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯಿಂದ ಬಸುರಿಯರ ಟೆಸ್ಟಿಗೆ ಅಂತ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು ದಯವಿಟ್ಟು ಇದನ್ನು ಓದಿ.

ಬಸುರಿಯ ಮೊದಲ ತಿಂಗಳುಗಳಲ್ಲಿ ಮಾಡುವ ಡಬಲ್ ಮಾರ್ಕರ್ ಎಂಬ ರಕ್ತಪರೀಕ್ಷೆಯಲ್ಲಿ ನನಗೆ ಡೌನ್ ಸಿಂಡ್ರೋಮ್ ರಿಸ್ಕ್ ಜಾಸ್ತಿ ಬಂತು. 16 ವಾರ ಕಳೆದ ಮೇಲೆ ಆಮ್ನಿಯೋಸೆಂಟೆಸಿಸ್ ಮಾಡಿಸಿದೆವು. ಹೊಟ್ಟೆಗೆ ಸೂಜಿ ಹಾಕಿ ಮಗುವಿನ ಸುತ್ತಲಿನ ನೀರು ತೆಗೆಯುತ್ತಾರೆ. ಆ ನೀರಿನಲ್ಲಿರುವ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು, ಹಾಗಾಗಿ ಎರಡು ಮೂರು ವಾರ ಕಾಯಲೇಬೇಕು. (ಒಪ್ಪಿಗೆ ಪತ್ರ ನಿಮಗೆ ಗೊತ್ತಿರುವ ಭಾಷೆಯಲ್ಲೇ ಇರಬೇಕು, ಪ್ರತಿಯನ್ನೂ ಕೊಡಬೇಕು, ಅದು ಕಾನೂನು. ನನ್ನಿಂದ ಇಂಗ್ಲಿಷಿನದಕ್ಕೇ ಸಹಿ ಹಾಕಿಸಿಕೊಂಡರು.)

ರಿಪೋರ್ಟಿನಲ್ಲಿ ಡೌನ್ ಸಿಂಡ್ರೋಮ್ ಇರಲಿಲ್ಲ. ಆದರೆ 5 ಮತ್ತು 12ನೇ ಕ್ರೋಮೋಸೋಮ್‌ಗಳ (ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತಿರುವ ಎಳೆಗಳು) ತುಂಡುಗಳು ಅದಲುಬದಲಾಗಿವೆ ಅಂತಿತ್ತು. ಇದನ್ನೇ ಟ್ರಾನ್ಸ್‌ಲೊಕೇಶನ್ ಅನ್ನುವುದು. ಕ್ಲಿನಿಕ್‌ನಲ್ಲಿ ಹೇಳಿದ್ದಿಷ್ಟೇ: "ಅಬ್‌ನಾರ್ಮಲ್ ಬಂದಿದೆ. ತೆಗೆಸುವುದಾದರೆ ಬೇಗ ಹೇಳಿ, 24 ವಾರ ದಾಟಿದರೆ ಕಷ್ಟ."

ಗಡುವು ಸುಳ್ಳಲ್ಲ. ಗರ್ಭಪಾತದ ಕಾನೂನಿನ 2021ರ ತಿದ್ದುಪಡಿಯ ಪ್ರಕಾರ ಇಂಥ ಕಾರಣಕ್ಕೆ 20 ವಾರ ದಾಟಿದರೆ 24 ವಾರದವರೆಗೆ ಇಬ್ಬರು ಡಾಕ್ಟರು ಒಪ್ಪಬೇಕು, ಆಮೇಲೆ ಮೆಡಿಕಲ್ ಬೋರ್ಡಿಗೆ ಹೋಗಬೇಕು. ಆದರೆ ಎಲ್ಲಕ್ಕಿಂತ ಮೊದಲು ಆಗಬೇಕಿದ್ದ ಕೆಲಸವನ್ನೇ ಅವರು ಹೇಳಲಿಲ್ಲ. ಗಂಡ ಹೆಂಡತಿ ಇಬ್ಬರ ರಕ್ತದ ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳ ಪರೀಕ್ಷೆ) ಮಾಡಿಸಬೇಕಿತ್ತು!

ಅದನ್ನು ಹೇಳಿದ್ದು ಬೇರೊಂದು ಕಡೆಯ ಜೆನೆಟಿಕ್ ಕೌನ್ಸೆಲರ್. ನಮ್ಮ ಸ್ಕ್ಯಾನಿಂಗ್ ಕವರಿನ ಹಿಂದೆಯೇ ಕೆಂಪು ಪೆನ್ನಿನಲ್ಲಿ ಒಂದು ಕಡ್ಡಿ, ನೀಲಿಯಲ್ಲಿ ಒಂದು ಕಡ್ಡಿ ಬರೆದು, ತುದಿಗಳನ್ನು ಅದಲುಬದಲು ಮಾಡಿ ತೋರಿಸಿದರು. ಏನೂ ಕಳೆದುಹೋಗಿಲ್ಲ, ಏನೂ ಹೆಚ್ಚಾಗಿಲ್ಲ, ಜಾಗ ಬದಲಾಗಿದೆ ಅಷ್ಟೇ. ಇದನ್ನು ಬ್ಯಾಲೆನ್ಸ್ಡ್ ಅನ್ನುತ್ತಾರೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಹೀಗಿರುತ್ತದಂತೆ, ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಅಪ್ಪ ಅಥವಾ ಅಮ್ಮನಿಗೂ ಅದೇ ಇದ್ದು ಅವರು ಆರೋಗ್ಯವಾಗಿದ್ದರೆ ಮಗುವಿಗೂ ಸಾಮಾನ್ಯವಾಗಿ ತೊಂದರೆ ಇಲ್ಲ. ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಆಗಿದ್ದರೆ ರಿಸ್ಕ್ ಜಾಸ್ತಿ. ಆಗ ಸಣ್ಣ ತುಂಡೇನಾದರೂ ತಪ್ಪಿಹೋಗಿದೆಯಾ ಅಂತ ಮೈಕ್ರೋಅರೇ ಎಂಬ ಇನ್ನೂ ಸೂಕ್ಷ್ಮ ಪರೀಕ್ಷೆ ಮಾಡಿಸಿ ನೋಡಬೇಕು.

"ನಮ್ಮ ಕುಟುಂಬದಲ್ಲಿ ಅಂಥದ್ದೆಲ್ಲ ಇಲ್ಲ" ಅಂತ ಅತ್ತೆ ಗಟ್ಟಿಯಾಗಿ ಹೇಳಿದ್ದರು. ನಮ್ಮಿಬ್ಬರ ರಕ್ತದ ರಿಪೋರ್ಟ್ ಬಂದಾಗ ಅದೇ 5, ಅದೇ 12 ಇದ್ದದ್ದು ಅವರ ಮಗನಲ್ಲಿ! ನನ್ನ ಗಂಡ ದಿನಾ ತೋಟದಲ್ಲಿ ಅಡಿಕೆ ಹೊರುವ ಗಟ್ಟಿಮುಟ್ಟು ಮನುಷ್ಯ. ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನಿನಲ್ಲೂ ಎಲ್ಲ ಸರಿ ಇತ್ತು. ಮಗು ಈಗ ಮನೆ ತುಂಬ ಓಡಾಡುತ್ತಿದೆ. ನಾವು ಅವತ್ತು ಆ ಕ್ಲಿನಿಕ್‌ನವರ ಮಾತು ಕೇಳಿದ್ದರೆ? ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇನ್ನೊಂದು ಮಾತು. "ಸೂಜಿ ಯಾಕೆ, ಎನ್‌ಐಪಿಟಿ ಮಾಡಿಸಿ, ಎಲ್ಲ ಕ್ರೋಮೋಸೋಮೂ ಗೊತ್ತಾಗುತ್ತದೆ" ಅನ್ನುವ ಏಜೆಂಟರು ಸಿಗುತ್ತಾರೆ. ನಂಬಬೇಡಿ. ಅದು ತಾಯಿಯ ರಕ್ತದಿಂದ ಮುಖ್ಯವಾಗಿ 21, 18, 13ನೇ ಕ್ರೋಮೋಸೋಮ್‌ಗಳ ಲೆಕ್ಕ ನೋಡುವ ಸ್ಕ್ರೀನಿಂಗ್. ಇಂಥ ಅದಲುಬದಲು ಅದಕ್ಕೆ ಕಾಣುವುದಿಲ್ಲ.

ಹಾಗಂತ ಬ್ಯಾಲೆನ್ಸ್ಡ್ ಅಂದ ಮಾತ್ರಕ್ಕೆ ಸುಮ್ನೆ ಬಿಡುವ ಹಾಗೂ ಇಲ್ಲ. ಮುಂದಿನ ಮಗುವಿಗೆ ತುಂಡುಗಳು ಸರಿಯಾಗಿ ಹಂಚಿಹೋಗದಿದ್ದರೆ ಗರ್ಭ ನಿಲ್ಲದಿರಬಹುದು, ಅಂಗದೋಷವೂ ಬರಬಹುದು. ನಾದಿನಿಗೆ ಎರಡು ಸಲ ಗರ್ಭಪಾತವಾಗಿತ್ತು, ಯಾರೂ ಕಾರಣ ಹುಡುಕಿರಲಿಲ್ಲ. ಈಗ ಅವಳೂ ರಕ್ತ ಕೊಟ್ಟಿದ್ದಾಳೆ. ಯಾವ ಜಾಗ ನೋಡಬೇಕು ಅಂತ ಲ್ಯಾಬಿನವರಿಗೆ ಗೊತ್ತಾಗಲಿ ಅಂತ ಅವಳ ಅಣ್ಣನ, ಅಂದರೆ ನನ್ನ ಗಂಡನ ರಿಪೋರ್ಟಿನ ಪ್ರತಿಯನ್ನೂ ಜೊತೆಗೆ ಕಳಿಸಿದ್ದೇವೆ.