ಬಳ್ಳಾರಿ ಸ್ಟೇಷನ್ನಿನಿಂದ ಲಾಡ್ಜಿಗೆ: ನಾನು ಮಾಡಿ ನೋಡಿದ ದಾರಿಗಳು

ಮಂಡ್ಯದಲ್ಲಿ ನಮ್ಮದೊಂದು ಸಣ್ಣ ರೆಡಿಮೇಡ್ ಬಟ್ಟೆ ಅಂಗಡಿ. ಜೀನ್ಸ್ ಮಾಲು ನೋಡಲು ಆಗಾಗ ಬಳ್ಳಾರಿಗೆ ಹೋಗುತ್ತೇನೆ. ಹಂಪಿ ಎಕ್ಸ್‌ಪ್ರೆಸ್ ಸಂಜೆ ಮೈಸೂರು ಬಿಟ್ಟು, ಬೆಂಗಳೂರು, ಗುಂತಕಲ್ ಸುತ್ತಿಕೊಂಡು ಬೆಳಗಿನ ಜಾವ ಬಳ್ಳಾರಿ ಮುಟ್ಟುತ್ತೆ. ಆಗ ಇನ್ನೂ ಕತ್ತಲೆ. ಕಣ್ಣುಜ್ಜಿಕೊಂಡು ಹೊರಗೆ ಬಂದರೆ ಆಟೋಗಳ ಸಾಲು. ಊರಿಗೆ ಹೊಸಬ ಅನ್ನೋದು ನಾವು ಬ್ಯಾಗ್ ಹಿಡಿದ ರೀತಿಯಲ್ಲೇ ಅವರಿಗೆ ಗೊತ್ತಾಗಿಬಿಡುತ್ತೆ.

ಮೊದಲ ಸಲ ಸ್ಪೆಷಲ್ ಆಟೋ ಮಾಡಿದೆ. ಬೇರೆ ದಾರಿ ಇರಬಹುದು ಅಂತ ಯೋಚಿಸುವಷ್ಟು ನಿದ್ದೆ ಬಿಟ್ಟಿರಲಿಲ್ಲ.

"ಎಲ್ಲಿಗ್ರಿ ಅಣ್ಣಾ?"

ಮೊಬೈಲ್ ನೋಡಿಕೊಂಡು ವಿಳಾಸ ಓದಿದೆ. ಲಾಡ್ಜಿನ ಹೆಸರು, ಆಮೇಲೆ ಗಡಿಗಿ ಚನ್ನಪ್ಪ ವೃತ್ತ.

"ರಾಯಲ್ ಸರ್ಕಲ್ ಅನ್ರಿ ಹಂಗಂದ್ರ. 150 ಆಗ್ತೈತಿ."

ಚೌಕಾಸಿ ಮಾಡಿ 100ಕ್ಕೆ ಇಳಿಸಿದೆ. ಗೆದ್ದೆ ಅಂದುಕೊಂಡು ಕೂತೆ. ಬ್ಯಾಗನ್ನು ಕಾಲ ಹತ್ತಿರ ಸರಿಯಾಗಿ ಇಟ್ಟುಕೊಳ್ಳುವಷ್ಟರಲ್ಲಿ ಸರ್ಕಲ್ಲು ಬಂತು. ಐದು ನಿಮಿಷವೂ ಆಗಿರಲಿಲ್ಲ. ಅವರದು ತಪ್ಪು ಅಂತ ಹೇಳೋಕೆ ಆಗಲ್ಲ. ನಾನು ಕಾಗದದ ಹೆಸರು ಓದಿದೆ, ಊರಿನವರು ಕರೆಯೋ ಹೆಸರು ಬೇರೆ. ಅಲ್ಲೇ ಲೆಕ್ಕ ಗೊತ್ತಾಯಿತಲ್ಲ ಅವರಿಗೆ. ಮುಂದಿನ ಸಲ ಇಳಿದ ತಕ್ಷಣ "ರಾಯಲ್ ಸರ್ಕಲ್ ಬರ್ತೀರೇನ್ರಿ?" ಅಂದೆ. ಮೊದಲ ಬಾಯಿಗೇ 80 ಹೇಳಿದರು!

ನಿಜವಾದ ಪೆಟ್ಟು ಬಿದ್ದದ್ದು ಆಟೋದಲ್ಲಲ್ಲ, ಲಾಡ್ಜಿನಲ್ಲಿ. ಅಲ್ಲಿ ರೂಮು ಕೊಡುವುದು ಮಧ್ಯಾಹ್ನ 12ಕ್ಕೆ. ಈಗಲೇ ಬೇಕಂದರೆ ಅರ್ಧ ದಿನದ ಬಾಡಿಗೆ ಜಾಸ್ತಿ ಅಂದ ಕೌಂಟರ್ ಹುಡುಗ. ನೂರು ರೂಪಾಯಿ ಕೊಟ್ಟು ಓಡೋಡಿ ಬಂದವನು ಪ್ಲಾಸ್ಟಿಕ್ ಕುರ್ಚಿ ಮೇಲೆ ತೂಕಡಿಸುತ್ತಾ ಕೂತೆ. ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲೇ ಇದ್ದಿದ್ದರೆ ಫ್ಯಾನಾದರೂ ಸಿಗುತ್ತಿತ್ತು. ಅವತ್ತಿನಿಂದ ರೂಮು ಹಿಡಿಯುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮದು 24 ಗಂಟೆ ಲೆಕ್ಕಾನಾ? ಹೌದು ಅಂದರೆ ಬೆಳಗಿನ ಜಾವ ಐದೂವರೆಗೆ ಹೋದರೂ ಮರುದಿನ ಐದೂವರೆ ತನಕ ರೂಮು ನಮ್ಮದು. ಆಟೋದಲ್ಲಿ ಉಳಿಸುವ ಇಪ್ಪತ್ತು ಮೂವತ್ತು ರೂಪಾಯಿ ಇದರ ಮುಂದೆ ಯಾವ ಲೆಕ್ಕ.

ಜನವರಿಯಲ್ಲಿ ಒಬ್ಬನೇ ಹೋಗಿದ್ದೆ. ಹೆಗಲಿಗೊಂದು ಬ್ಯಾಗ್ ಅಷ್ಟೇ. ಅವತ್ತು ನಡೆದುಬಿಟ್ಟೆ. ಆಟೋದವರೊಬ್ಬರು "ದೂರ ಐತ್ರಿ, ನಾಯಿ ಅದಾವು" ಅಂದರು. ದೂರ ಅನ್ನೋದು ಸುಳ್ಳು, ನಾಯಿ ಅನ್ನೋದು ನಿಜ. ನಾಲ್ಕೈದು ನಾಯಿಗಳು ಸ್ವಲ್ಪ ದೂರ ಹಿಂದೆ ಬಂದು, ಇವನತ್ರ ಏನೂ ಇಲ್ಲ ಅಂತ ವಾಪಸ್ ಹೋದವು. ಹದಿನೈದು ನಿಮಿಷದ ನಡಿಗೆ. ನಡುವೆ ಟೀ ಕುಡಿದದ್ದು ಬೇರೆ. ಗಾಡಿಯವನು ಆಗಷ್ಟೇ ಸ್ಟೋವ್ ಹಚ್ಚಿದ್ದ. ಪಕ್ಕದಲ್ಲಿ ಅವನ ಹೆಂಡತಿ ಒಗ್ಗರಣೆಗೆ ಮಂಡಕ್ಕಿ ನೆನೆಸಿ, ಹಿಂಡಿ ಹಿಂಡಿ ಬುಟ್ಟಿಗೆ ಹಾಕುತ್ತಿದ್ದಳು. ಮಿರ್ಚಿಗೆ ಇನ್ನೂ ಅರ್ಧ ಗಂಟೆ ಅಂದಳು. ಕಾದೆ. ಅಷ್ಟರಲ್ಲಿ ಬೆಳಕು ಹರಿದು, ಕೋಟೆ ಬೆಟ್ಟ ಕಂಡಿತು. ಇಡೀ ಬೆಟ್ಟ ಒಂದೇ ಬಂಡೆ ಅನ್ನುತ್ತಾರಲ್ಲ, ಆ ಹೊತ್ತಿನಲ್ಲಿ ನೋಡಿದರೆ ಹೌದು ಅನಿಸುತ್ತೆ. ಬಿಸಿ ಮಿರ್ಚಿ ಕಚ್ಚಿಕೊಂಡು ಲಾಡ್ಜಿಗೆ ಹೋದೆ. ಏಪ್ರಿಲ್, ಮೇನಲ್ಲಿ ಹಗಲು ರೈಲಿಗೆ ಬಂದವರಿಗೆ ಇದನ್ನು ಹೇಳಲ್ಲ. ಬಳ್ಳಾರಿ ಬಿಸಿಲಿನಲ್ಲಿ ಹದಿನೈದು ನಿಮಿಷ ಅಂದರೆ ತಮಾಷೆಯಲ್ಲ.

ಮನೆಯವಳು ಜೊತೆಗೆ ಬಂದಾಗ ರೈಲು ಲೇಟಾಗಿ ಎಂಟು ಗಂಟೆ ಆಗಿತ್ತು. ಸಿಟಿ ಬಸ್ಸಲ್ಲಿ ಹೋಗೋಣ ಅಂದಳು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಅವಳಿಗೆ ಶೂನ್ಯ ಟಿಕೆಟ್, ನನಗೆ ಮಾತ್ರ ದುಡ್ಡು. ದುಡ್ಡಿನಲ್ಲಿ ಇದನ್ನು ಮೀರಿಸೋ ದಾರಿ ಇಲ್ಲ. ಆದರೆ ಇಪ್ಪತ್ತು ನಿಮಿಷ ರಸ್ತೆ ಬದಿ ನಿಂತೆವು. ಬಂದ ಬಸ್ಸು ಬೇರೆ ಕಡೆಯದು. ಕೊನೆಗೆ ಶೇರ್ ಆಟೋ ಹತ್ತಿದೆವು, ತಲೆಗೆ 15 ರೂಪಾಯಿ. ಹಿಂದೆ ನಾಲ್ಕು ಜನ, ನಾನು ಡ್ರೈವರ್ ಪಕ್ಕ ಅರ್ಧ ಹೊರಗೆ. ಒಬ್ಬರೇ ಇದ್ದರೆ ಅಡ್ಡಿಯಿಲ್ಲ. ಸೂಟ್‌ಕೇಸ್ ಇದ್ದರೆ ಬೇಡ, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದವಳ ಮಾತು ನಾನು ಇವತ್ತಿಗೂ ಕೇಳುತ್ತಿದ್ದೇನೆ. ಇನ್ನೊಂದು: ಲಾಡ್ಜಿನವರು "ಬಸ್‌ಸ್ಟ್ಯಾಂಡ್ ಹತ್ತಿರ" ಅಂದರೆ ಹಳೇದಾ ಹೊಸದಾ ಕೇಳಿಕೊಳ್ಳಿ. ನಾವು ಕೇಳಿರಲಿಲ್ಲ, ಇಳಿದು ಮತ್ತೊಂದು ಆಟೋ ಹತ್ತಿದೆವು.

ಮೊಬೈಲ್ ಆ್ಯಪ್ ಬಗ್ಗೆ ಹೇಳೋದು ಸ್ವಲ್ಪವೇ. ಒಮ್ಮೆ ಹಾಕಿದೆ. ಚಕ್ರ ತಿರುಗಿತು, ತಿರುಗಿತು, ಹತ್ತು ನಿಮಿಷಕ್ಕೆ ಒಬ್ಬ ಒಪ್ಪಿಕೊಂಡ. ಆಮೇಲೆ ಫೋನ್ ಮಾಡಿ, ಆ್ಯಪ್ ಕ್ಯಾನ್ಸಲ್ ಮಾಡಿ, ಕೈಯಲ್ಲಿ 100 ಕೊಡ್ರಿ ಅಂದ. ಫೋನ್ ಜೇಬಿಗೆ ಹಾಕಿ ಸಾಲಿನಲ್ಲಿದ್ದ ಆಟೋ ಹತ್ತಿದೆ.

ಈಗ ನಾನು ಮಾಡೋದು ಬೇರೆ. ರಾತ್ರಿ ರೈಲು ಹತ್ತಿದ ಮೇಲೆ ಲಾಡ್ಜಿಗೆ ಫೋನ್ ಮಾಡಿ, ನಿಮ್ಮ ಪರಿಚಯದ ಆಟೋದವರು ಇದ್ದಾರಾ ಅಂತ ಕೇಳುತ್ತೇನೆ. ಇದ್ದೇ ಇರುತ್ತಾರೆ. ರೇಟು ಫೋನಿನಲ್ಲೇ ಮುಗಿಯುತ್ತೆ, ಕಳೆದ ಎರಡು ಸಲವೂ 70 ಕೊಟ್ಟೆ. ಮೀಟರ್ ಲೆಕ್ಕದಲ್ಲಿ ನೋಡಿದರೆ ಇದೂ ಜಾಸ್ತಿಯೇ ಇರಬಹುದು. ಆದರೆ ಕತ್ತಲಲ್ಲಿ ನಮ್ಮ ಹೆಸರು ಹಿಡಿದು ಕರೆಯೋನು ಒಬ್ಬ ಇರುತ್ತಾನೆ. ರೈಲು ಗುಂತಕಲ್ಲಿನಲ್ಲಿ ನಿಂತುಬಿಟ್ಟರೆ ಅವನಿಗೇ ಫೋನ್ ಮಾಡಿ ಹೇಳಬಹುದು. ಮನೆಯವಳು ಜೊತೆಗಿದ್ದರೆ ಇದೇ. ಒಬ್ಬನೇ ಇದ್ದು ಚಳಿಗಾಲ ಆದರೆ ನಡಿಗೆಯೇ, ಆ ಮಿರ್ಚಿ ಗಾಡಿ ತಪ್ಪಿಸಿಕೊಳ್ಳೋಕೆ ಇಷ್ಟವಿಲ್ಲ.

ವಾಪಸ್ ಬರುವಾಗ ಈ ತಲೆನೋವು ಇಲ್ಲ. ಜೀನ್ಸ್ ಬಂಡಲ್ಲುಗಳು ಲಾರಿ ಪಾರ್ಸೆಲ್ಲಿನಲ್ಲಿ ಬರುತ್ತವೆ, ನಾನು ಕೈಬೀಸಿಕೊಂಡು ಸ್ಟೇಷನ್ನಿಗೆ ನಡೆದು ಹೋಗುತ್ತೇನೆ. ಅದೇ ಆಟೋ ಸ್ಟ್ಯಾಂಡ್ ಮುಂದೆ ಹಾದು ಹೋಗುವಾಗ ಯಾರೂ "ಎಲ್ಲಿಗ್ರಿ" ಅಂತ ಕೇಳುವುದೂ ಇಲ್ಲ.